ಕೊನೇ ಸವಾರನ ಹಿಂದೆ

ಈ ವರ್ಷದಿಂದ ಹಿಂದಿನ ವ್ಯಾನಿಗೆ ಹೊಸಬರು ಬರುತ್ತಾರಂತೆ. ಬರಲಿ, ಸಂತೋಷ. ಸ್ಪ್ಯಾನರ್ ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ಅದೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತದೆ. ಮೊಬೈಲಿನಲ್ಲಿ ಸಿಗದ ಕೆಲವು ಸಂಗತಿಗಳಿವೆ. ಅವನ್ನು ಬರೆದುಕೊಡಿ ಎಂದು ಸಮಿತಿಯವರು ಕೇಳಿದ್ದಾರೆ. ನನ್ನ ಓದು ಐದನೇ ಕ್ಲಾಸಿಗೆ ನಿಂತಿತು. ನಿಂತದ್ದು ಓದು, ನಾನಲ್ಲ. ಸಾಗರದ ಮಾರ್ಕೆಟ್ ರಸ್ತೆಯಲ್ಲಿ ಮಂಜಪ್ಪನ ಸೈಕಲ್ ಶಾಪು ಎಂದರೆ ಬೋರ್ಡು ಬೇಕಿರಲಿಲ್ಲ. ಬೋರ್ಡು ಇರಲೂ ಇಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಬೆಂಗಳೂರಿನಿಂದ ಒಂದು ಸೈಕಲ್ ಸವಾರಿ ಹೊರಡುತ್ತದೆ. ಊರೂರಲ್ಲಿ ತಂಗುತ್ತ ಸಾಗರಕ್ಕೆ ಬಂದು, ಹೊಸನಗರದ ಮೇಲೆ ಹಾದು, ತೀರ್ಥಹಳ್ಳಿಯಲ್ಲಿ ಮುಗಿಯುತ್ತದೆ. ಸವಾರರ ಪರಿಚಯದವರು, ಇಷ್ಟು ದೂರ ತುಳಿದರೆ ಇಷ್ಟು ಕೊಡುತ್ತೇವೆ ಎಂದು ಮಾತು ಕೊಟ್ಟಿರುತ್ತಾರೆ. ಆ ದಾನದಿಂದ ಸಮಿತಿ ಮನೆ ಕಟ್ಟಿಸುತ್ತದೆ. ಅಂಗೈಯಗಲ ಜಾಗ ಇದ್ದು ಗೋಡೆ ಎಬ್ಬಿಸುವ ಶಕ್ತಿ ಇಲ್ಲದವರಿಗೆ ಆ ಮನೆ. ಮನೆಯವರು ತಮ್ಮ ಮೈಬಗ್ಗಿಸಿ ದುಡಿಯಬೇಕು, ಒಂದು ಪಾಲನ್ನು ನಿಧಾನವಾಗಿ ತೀರಿಸಬೇಕು. ಪುಕ್ಕಟೆ ಅಲ್ಲ, ಆದರೆ ಕೈಗೆಟುಕುವ ಹಾಗಿರುತ್ತದೆ.

ದಾನಕ್ಕೆ ಕಟ್ಟು ಒಂದೇ. ಸವಾರ ತುಳಿಯಬಹುದು, ಸುಸ್ತಾದರೆ ಇಳಿದು ತಳ್ಳಬಹುದು, ಆದರೆ ಬೇರೆ ಗಾಡಿ ಹತ್ತಬಾರದು. ಹತ್ತಿದರೆ ಆವತ್ತಿನ ಅವನ ದಾನ ಇಲ್ಲ.

ಹಿಂದಿನ ವ್ಯಾನಿನವನ ಕೆಲಸ ಸೈಕಲ್ ರಿಪೇರಿ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ. ಸವಾರ ವ್ಯಾನು ಹತ್ತದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಬಯಲುಸೀಮೆಯಲ್ಲಿ ಇದು ಕಷ್ಟವಲ್ಲ. ಸಾಗರ ದಾಟಿದ ಮೇಲೆ ಭೂಮಿ ಮಡಚಿಕೊಳ್ಳುತ್ತದೆ. ಒಂದು ಏರು ಮುಗಿಯಿತು ಎನ್ನುವಾಗ ಇನ್ನೊಂದು ಎದ್ದು ನಿಲ್ಲುತ್ತದೆ. ಅಲ್ಲಿಂದ ಸವಾರರು ಮುಂದೆ ನೋಡುವುದನ್ನು ಬಿಟ್ಟು ಹಿಂದಿನ ವ್ಯಾನನ್ನು ನೋಡಲು ಶುರುಮಾಡುತ್ತಾರೆ. ಅದಕ್ಕೆ ನಾನು ಮುಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಯಾವಾಗಲೂ ಹಳೇ ಟೈರು, ಗ್ರೀಸ್ ಡಬ್ಬ ಇಟ್ಟಿರುತ್ತಿದ್ದೆ. ಖಾಲಿ ಸೀಟು ಕಂಡರೆ ಎಂಥ ಗಟ್ಟಿ ಆಳಿನ ಕಾಲೂ ಸೋಲುತ್ತದೆ. ಗ್ರೀಸ್ ಡಬ್ಬ ಕಂಡರೆ ಅದೇ ಕಾಲು ಇನ್ನೆರಡು ಏರು ತುಳಿಯುತ್ತದೆ. ಹೊಸಬರು ಇದನ್ನು ನೆನಪಿಡಬೇಕು.

ನನ್ನನ್ನು ಈ ಕೆಲಸಕ್ಕೆ ಹಿಡಿದು ಹಾಕಿದವರು ಪದ್ಮರಾಜಯ್ಯನವರು. ತೀರ್ಥಹಳ್ಳಿಯಲ್ಲಿ ಜವಳಿ ಅಂಗಡಿ, ಮೂಲ ಮೇಳಿಗೆಯವರು. ಸಮಿತಿಗೆ ಹಿರಿಯರು ಅವರೇ. ಒಂದು ದಿನ ಶಾಪಿಗೆ ಬಂದು, ನಾನು ರಿಮ್ಮು ತಿರುಗಿಸಿ ಕಡ್ಡಿ ಬಿಗಿಯುವುದನ್ನು ನೋಡುತ್ತ ಬಹಳ ಹೊತ್ತು ನಿಂತರು.

"ಎಲ್ಲೀವರೆಗೆ ಓದಿದ್ದೀರಿ?" ಎಂದು ಕೇಳಿದರು.

"ಐದನೇ ಕ್ಲಾಸು. ಮುಂದಿಂದು ಸೈಕಲ್ಲೇ ಓದಿಸ್ತು."

"ಕೋಪ ಬರುತ್ತಾ?"

"ಬರುತ್ತೆ."

"ಯಾರ ಮೇಲೆ?"

"ಕೆಲಸ ಗೊತ್ತಿಲ್ಲದೆ ಸಲಹೆ ಕೊಡೋರ ಮೇಲೆ."

"ಹಾಗಾದ್ರೆ ನಾನು ಸಲಹೆ ಕೊಡಲ್ಲ. ಶಿವರಾತ್ರಿ ಆದಮೇಲೆ ತಯಾರಿರಿ," ಎಂದು ಹೊರಟುಹೋದರು. ಸಂದರ್ಶನ ಎಂದರೆ ಅದು. ಆಮೇಲೆ ಅವರು ಮಾತಿನಂತೆಯೇ ಒಂದೂ ಸಲಹೆ ಕೊಡಲಿಲ್ಲ. ಕೊಟ್ಟದ್ದು ಬೇರೆ.

ಪದ್ಮರಾಜಯ್ಯನವರು ಜೈನರು. ಸೂರ್ಯ ಮುಳುಗಿದ ಮೇಲೆ ಊಟ ಮಾಡುವವರಲ್ಲ. ಅದು ಅವರ ನೇಮ. ಆವತ್ತಿನ ಕೊನೇ ಸವಾರ ಬಂದು ಮುಟ್ಟುವ ತನಕ ಎಲೆ ಮುಂದೆ ಕೂರುವುದಿಲ್ಲ. ಅದು ಅವರ ಹಟ. ನೇಮಕ್ಕೂ ಹಟಕ್ಕೂ ನಡುವೆ ಸಿಕ್ಕಿಬಿದ್ದವನು ನಾನು, ಯಾಕೆಂದರೆ ಕೊನೇ ಸವಾರನ ಹಿಂದೆ ಇರುವವನು ನಾನೇ. ದಿನಾ ಇಳಿಹೊತ್ತಿಗೆ ಫೋನು ಬರುತ್ತಿತ್ತು.

"ಮಂಜಪ್ಪ, ನನಗೆ ಇವತ್ತು ಊಟ ಇದೆಯಾ, ಇಲ್ವಾ?"

ಬೈಯುವ ಮೇಲಧಿಕಾರಿಗಿಂತ ಉಪವಾಸ ಬೀಳುವ ಮೇಲಧಿಕಾರಿ ಕಷ್ಟ. ಬೈದವರಿಗೆ ಎದುರು ಮಾತಾಡಬಹುದು. ಹಸಿದವರಿಗೆ ಏನೆಂದು ಹೇಳುವುದು? ನಾನು ಸೂರ್ಯನನ್ನು ಅಷ್ಟೊಂದು ಸಲ ತಲೆ ಎತ್ತಿ ನೋಡಿದ್ದು ಆ ವರ್ಷಗಳಲ್ಲಿಯೇ.

ಸೈಕಲ್ಲುಗಳ ವಿಷಯ. ಮೊದಲ ವರ್ಷ ಆ ದುಬಾರಿ ಸೈಕಲ್ಲುಗಳನ್ನು ನೋಡಿ ನನಗೆ ಕನಿಕರ ಬಂತು. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ. ಸೀಟು ನೋಡಿದರೆ ಹಲಸಿನ ತೊಳೆಯಷ್ಟು. ಇಷ್ಟೆಲ್ಲ ಕಿತ್ತುಹಾಕಿದ್ದಕ್ಕೆ ರೇಟು ಹೆಚ್ಚಂತೆ. ಪಂಕ್ಚರಿಗೆ ನೀರಿನ ಬಾಂಡ್ಲಿ ಇಟ್ಟುಕೊಂಡು ಕಾದೆ. ಆ ಟೈರುಗಳಲ್ಲಿ ಟ್ಯೂಬೇ ಇಲ್ಲ, ಒಳಗೆ ಹಾಲಿನಂಥ ದ್ರವ. ತೂತಾದರೆ ಅದೇ ಹೋಗಿ ಮುಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಟೈರು ಬಿಚ್ಚಿ, ಆ ಹಾಲನ್ನೆಲ್ಲ ಒರೆಸಿ, ಒಳಗೆ ಶುದ್ಧ ಮಾಡಿಕೊಟ್ಟೆ. ಸವಾರ ಥ್ಯಾಂಕ್ಸ್ ಹೇಳಿ ತಗೊಂಡು ಹೋದ, ನನ್ನ ಮುಖ ನೋಡಿ ಹೆದರಿರಬೇಕು.

ಅದಕ್ಕಿಂತ ದೊಡ್ಡದು ಬ್ರೇಕಿನದು. ಹಾಸನದ ಕಾಲೇಜು ಮೇಷ್ಟ್ರೊಬ್ಬರ ಸೈಕಲ್ಲಿಗೆ ಚಕ್ರದ ನಡುವೆ ತಟ್ಟೆಯಂಥ ಬ್ರೇಕು. ಅದು ಕಿರ್ರೆಂದು ಕೂಗುತ್ತಿತ್ತು. ಕೂಗುವ ಸೈಕಲ್ಲನ್ನು ನಾನು ಸಾಗರದಲ್ಲಿ ಯಾವತ್ತೂ ಮುಂದೆ ಹೋಗಲು ಬಿಟ್ಟವನಲ್ಲ. ತಟ್ಟೆಗೆ ಎರಡು ತೊಟ್ಟು ಎಣ್ಣೆ ಬಿಟ್ಟೆ. ಸದ್ದು ನಿಂತಿತು. ಸೈಕಲ್ಲು ಮಾತ್ರ ನಿಲ್ಲಲಿಲ್ಲ. ಹೊಸನಗರಕ್ಕೆ ಇಳಿಯುವಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿದು ಸ್ವಾಗತಕ್ಕೆ ನಿಂತಿದ್ದರು. ಮೇಷ್ಟ್ರು ಒಂದು ಕೈ ಎತ್ತಿ ನಮಸ್ಕಾರ ಮಾಡುತ್ತಲೇ ಅವರ ಮುಂದೆ ಹಾದುಹೋದರು. "ಎಂತಾ ಉತ್ಸಾಹ ಅವ್ರದ್ದು," ಎಂದರು ಹೆಂಗಸರು.

ಪದ್ಮರಾಜಯ್ಯನವರು ಆವತ್ತಿನ ತಂಗುದಾಣದಲ್ಲಿ ಆಗಷ್ಟೇ ಊಟಕ್ಕೆ ಕೈತೊಳೆದು ಬಂದಿದ್ದರು. "ಅವರು ಎಲ್ಲಿ ನಿಲ್ತಾರೆ?" ಎಂದು ಕೇಳಿದರು.

"ಮುಂದೆ ಏರು ಬಂದಲ್ಲಿ," ಎಂದೆ.

ಅವರು ಕೈ ಒರೆಸಿಕೊಂಡು ಮತ್ತೆ ಬಾಗಿಲಿಗೆ ಹೋಗಿ ನಿಂತರು. ತಟ್ಟೆ ಬ್ರೇಕಿಗೆ ಎಣ್ಣೆ ಬಿಡಬಾರದು. ಇದು ಈಗ ಮೊಬೈಲಿನಲ್ಲಿಯೂ ಇದೆ ಎಂದು ಕೇಳಿದೆ.

ಸೈಕಲ್ಲು ಕಲಿಯಬಹುದು. ಕಲಿಯಲಾಗದ್ದು ನಮ್ಮ ಕಡೆಯ ಜನ. ಯಾರಾದರೂ ಬಿಸಿಲಲ್ಲಿ ಏದುಸಿರು ಬಿಡುತ್ತ ಸೈಕಲ್ಲು ತಳ್ಳುವುದನ್ನು ನಮ್ಮವರಿಂದ ನೋಡಲಾಗುವುದಿಲ್ಲ. ಜೀಪಿನವನು ನಿಲ್ಲಿಸುತ್ತಾನೆ. ಮರಳಿನ ಲಾರಿಯವನು ನಿಲ್ಲಿಸುತ್ತಾನೆ. ಒಮ್ಮೆ ತುಂಬಿದ ಬಸ್ಸನ್ನೇ ನಿಲ್ಲಿಸಿ ಕಂಡಕ್ಟರು ಇಳಿದು ಬಂದಿದ್ದ.

"ಸೈಕಲ್ ಮೇಲೆ ಹಾಕಿ ಮಾರಾಯ್ರೆ, ಟಿಕೆಟ್ ಬೇಡ," ಎಂದ.

ನಾನು ವ್ಯಾನಿನಿಂದ ಇಳಿದು, ಇವರು ತುಳಿದರೆ ಮಾತ್ರ ದಾನ ಬರುತ್ತದೆ, ಬಸ್ಸು ಹತ್ತಿದರೆ ಇಲ್ಲ ಎಂದು ವಿವರಿಸಿದೆ. ಬಸ್ಸಿನ ಒಳಗಿದ್ದವರೆಲ್ಲ ಕಿಟಕಿಯಲ್ಲಿ ತಲೆ ಹಾಕಿ ಕೇಳಿದರು.

"ಕಷ್ಟಪಟ್ರೆ ಕೊಡ್ತಾರಾ? ಆರಾಮಾಗಿ ಕೂತ್ರೆ ಕೊಡಲ್ವಾ? ಎಂತಾ ಜನ ಅಣ್ಣ ಅವ್ರು, ಕೊಡೋರು?" ಎಂದಳು ಒಬ್ಬ ಅಜ್ಜಿ. ಕಂಡಕ್ಟರು ಸೀಟಿ ಊದಿದ.

ಇನ್ನೊಂದು, ಹತ್ಯಾರಗಳ ವ್ಯಾನು ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲಬಾರದು. ನಿಂತರೆ ಸುತ್ತಲಿನ ಮನೆಗಳಿಂದ ಕೆಟ್ಟುಹೋದದ್ದೆಲ್ಲ ನಡೆದುಕೊಂಡು ಬರುತ್ತದೆ. ಔಷಧಿ ಹೊಡೆಯುವ ಪಂಪು, ಮಿಕ್ಸಿ, ಹೊಲಿಗೆ ಮಿಷನ್ನು, ಒಮ್ಮೆ ಒಂದು ದೇವರ ಗಂಟೆ. ಬರುವುದಿಲ್ಲ ಎಂದು ಹೇಳುವುದು ನನಗೆ ಬರುವುದಿಲ್ಲ. "ಸಾಗರದ ಮಂಜಣ್ಣಂಗೂ ಆಗ್ಲಿಲ್ಲ" ಎಂದು ಒಬ್ಬ ಹೇಳಿದರೆ ಸಾಕು, ಅದು ನನಗಿಂತ ಮೊದಲು ಸಾಗರ ಮುಟ್ಟುತ್ತದೆ.

ಈಗ ಹೆಂಚಿನ ಕಥೆ. ಇದನ್ನು ಹೇಳಲೆಂದೇ ಬರೆಯಲು ಒಪ್ಪಿಕೊಂಡೆ.

ಪದ್ಮರಾಜಯ್ಯನವರದ್ದು ಒಂದು ಪದ್ಧತಿ. ಒಬ್ಬೊಬ್ಬ ಸವಾರನಿಗೂ ಕಟ್ಟುವ ಮನೆಯ ಒಂದೊಂದು ಭಾಗ ವಹಿಸುತ್ತಿದ್ದರು. ಅವನ ದಾನ ಆ ಭಾಗಕ್ಕೆ. ಅಂಗಿಯ ಬೆನ್ನ ಮೇಲೆ ಅದರ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದರು. ಬಾಗಿಲು, ಕಿಟಕಿ, ಹೊಸ್ತಿಲು, ನೆಲ, ಒಲೆ, ಹೀಗೆ. ಅದರಿಂದ ನಮ್ಮ ಫೋನ್ ಮಾತುಗಳನ್ನು ಹೊರಗಿನವರು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು.

"ಮಂಜಪ್ಪ, ಕಿಟಕಿ ಬಂತು. ಬಾಗಿಲು ಎಲ್ಲಿ?"

"ಬಾಗಿಲು ಎಳನೀರು ಕುಡೀತಿದೆ ಅಯ್ಯನವ್ರೇ. ಹೊಸ್ತಿಲು ಪಂಕ್ಚರ್ ಆಗಿದೆ."

ಆ ವರ್ಷದ ಮನೆ ಗಿರಿಜಮ್ಮನದು. ನಗರ ಎಂಬ ಊರಿನಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಕವಲೇದುರ್ಗದ ಕೈಮರ ದಾಟಿದ ಮೇಲೆ ಒಂದು ದೊಡ್ಡ ಏರು ಸಿಗುತ್ತದೆ. ಏರಿನ ತುದಿಯಲ್ಲಿ ಅವಳ ಜಾಗ. ಗಿರಿಜಮ್ಮ ಅಲ್ಲಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಗಂಡ ತೀರಿಕೊಂಡ ಮೇಲೆ ಮುದುಕಿ ಅತ್ತೆಯನ್ನು ಕರೆದುಕೊಂಡು ಮೈದುನನ ಕೊಟ್ಟಿಗೆಯ ಮಗ್ಗುಲಲ್ಲಿ ತಗಡು ಹೊದಿಸಿಕೊಂಡು ಇದ್ದಳು. ಜಂಬಿಟ್ಟಿಗೆ ಕಲ್ಲಿಗೆ ಮಣ್ಣಿನ ಗಾರೆ ಮೆತ್ತಿ ಗೋಡೆ ಎಬ್ಬಿಸಿ ಆಗಿತ್ತು. ಕಲ್ಲು ಹೊತ್ತವಳು ಅವಳೇ, ಮಣ್ಣು ತುಳಿದವಳು ಅವಳೇ. ಉಳಿದದ್ದು ಮಾಡಿನ ಹೆಂಚು. ಮಳೆಗೆ ಮೊದಲು ಹೆಂಚು ಏರದಿದ್ದರೆ ಮಣ್ಣಿನ ಗಾರೆ ಕರಗಿ ಗೋಡೆ ಕೂರುತ್ತದೆ. ಮಳೆ ನಮ್ಮ ಕಡೆ ಯಾರನ್ನೂ ಕೇಳಿ ಬರುವುದಿಲ್ಲ.

ಹೆಂಚು ಹೊತ್ತವರು ಉಮೇಶ ಡಾಕ್ಟ್ರು. ದಾವಣಗೆರೆಯ ಹಲ್ಲಿನ ಡಾಕ್ಟ್ರು. ಅವರ ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಬಹುದಿತ್ತು. ಡಾಕ್ಟ್ರನ್ನು ಎತ್ತಲು ನಾಲ್ಕು ಜನ ಬೇಕಿತ್ತು. ಹುಟ್ಟಿದಾಗಿನಿಂದ ಸಪಾಟು ರಸ್ತೆ ನೋಡಿದವರು. ಆದರೆ ಇಡೀ ಸವಾರಿಯಲ್ಲಿ ಅತಿ ಹೆಚ್ಚು ದಾನ ಅವರ ಹೆಸರಿಗೇ ಬಂದಿತ್ತು. ಏನು ಗುಟ್ಟು ಎಂದು ಕೇಳಿದೆ.

"ಗುಟ್ಟೇನ್ ಬಂತ್ರಿ ಮಂಜಪ್ಪೋರೆ? ಕೊಟ್ಟೋರೆಲ್ಲ ನನ್ ಪೇಷೆಂಟುಗಳು. ಇಷ್ಟ್ ವರ್ಷ ಅವ್ರ ನರಳಿದ್ದು ನಾ ನೋಡೀನಿ. ಈಗ ನಾ ನರಳೋದನ್ನ ಅವ್ರು ನೋಡ್ಬೇಕಂತ."

ನೋಡುವುದಕ್ಕೆ ವ್ಯವಸ್ಥೆಯೂ ಇತ್ತು. ಮೊದಲೆಲ್ಲ ಊರೂರಲ್ಲಿ ಒಬ್ಬ ಕುರ್ಚಿ ಹಾಕಿಕೊಂಡು ಕೂತು ಸವಾರರ ಕೈಗೆ ಮುದ್ರೆ ಒತ್ತುತ್ತಿದ್ದ. ಆಮೇಲೆ ಫೋನು ಬಂತು. ಸವಾರನ ಜೇಬಿನ ಫೋನು ಅವನು ಎಲ್ಲಿದ್ದಾನೆ, ಎಷ್ಟು ವೇಗದಲ್ಲಿ ಹೋಗುತ್ತಿದ್ದಾನೆ ಎಂದು ದಾನಿಗಳಿಗೆಲ್ಲ ತೋರಿಸುತ್ತದೆ. ಮುದ್ರೆ ಒತ್ತುವವನಿಗೆ ಚಹಾ ಕೊಟ್ಟು ಒಲಿಸಿಕೊಳ್ಳಬಹುದಿತ್ತು. ಫೋನು ಚಹಾ ಕುಡಿಯುವುದಿಲ್ಲ.

ಆ ದಿನ ಏರಿನ ಬುಡಕ್ಕೆ ಬರುವಾಗ ಬಿಸಿಲು ನೆತ್ತಿ ದಾಟಿತ್ತು. ಬಾಗಿಲು, ಕಿಟಕಿಗಳೆಲ್ಲ ಮುಂದೆ ಹೋಗಿಯಾಗಿತ್ತು. ಹೆಂಚು ಒಂದೇ ಹಿಂದೆ. ಏರಿನ ಬುಡದಲ್ಲಿ ಒಬ್ಬ ರೈತ ಔಷಧಿ ಪಂಪು ಹಿಡಿದು ರಸ್ತೆಗೆ ಅಡ್ಡ ನಿಂತಿದ್ದ.

"ನೀವು ಮೆಲ್ಲ ಹತ್ತುತ್ತಿರಿ ಡಾಕ್ಟ್ರೇ, ವಾಷರ್ ಒಂದು ಬದಲಾಯಿಸಿ ಬಂದೆ," ಎಂದೆ.

ನನ್ನ ಡ್ರೈವರ್ ಸಲೀಂ, "ಬೇಡ ಮಂಜಣ್ಣ, ನಮ್ಮ ಕೆಲಸ ಅದಲ್ಲ," ಎಂದ. ಸಲೀಂ ಒಳ್ಳೆಯ ಹುಡುಗ, ಆದರೆ ಅವನ ಹೆಸರು ಸಾಗರದಲ್ಲಿ ಯಾರಿಗೂ ಗೊತ್ತಿಲ್ಲ, ಕಳೆದುಕೊಳ್ಳುವ ಭಯವಿಲ್ಲ. ಪಂಪಿನ ವಾಷರ್ ಬದಲಾಯಿಸುವಾಗ ಅದರ ಪಿಸ್ಟನ್ ಸವೆದದ್ದು ಕಂಡಿತು. ಕಂಡಮೇಲೆ ಬಿಡಲಾಗುತ್ತದೆಯೇ? ಇದು ತಪ್ಪು ಎಂದು ಆಮೇಲೆ ಹಲವರು ಹೇಳಿದರು. ಆ ಪಂಪು ಈಗಲೂ ಔಷಧಿ ಹೊಡೆಯುತ್ತಿದೆ, ಅಷ್ಟು ಮಾತ್ರ ಹೇಳುತ್ತೇನೆ.

ಕೆಲಸ ಮುಗಿಸಿ ಏರು ಹತ್ತಿದೆವು. ಡಾಕ್ಟ್ರು ಇಲ್ಲ. ಅವರು ಹತ್ತುವ ವೇಗಕ್ಕೆ ಮೊದಲ ತಿರುವಿನಲ್ಲೇ ಸಿಗಬೇಕಿತ್ತು. ಎರಡನೆಯ ತಿರುವಿನ ಹತ್ತಿರ ದೊಡ್ಡ ಬೋಗಿ ಮರದ ಬುಡದಲ್ಲಿ ಅವರ ನೀರಿನ ಬಾಟಲಿ ಬಿದ್ದಿತ್ತು. ಕೆಳಗೆ ಹಳ್ಳ. ಸಲೀಂ ಬಗ್ಗಿ "ಡಾಕ್ಟ್ರೇ" ಎಂದು ಕೂಗಿದ. ಒಂದು ಎಮ್ಮೆ ಮಾತ್ರ ಓಗೊಟ್ಟಿತು. ಹಳ್ಳಕ್ಕೆ ಇಳಿದು, ಪೊದೆ ಸರಿಸಿ, ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಮೇಲೆ ಬಂದೆವು. ಏನೂ ಇಲ್ಲ.

ತುದಿಯಲ್ಲಿ ಗಿರಿಜಮ್ಮ ತನ್ನ ಗೋಡೆಯ ಮುಂದೆ ನಿಂತಿದ್ದಳು. ಕಟ್ಟೆಯ ಮೇಲೆ ಚಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಬಂದ ಸವಾರರಿಗೆಲ್ಲ ಕೊಟ್ಟು ಮುಖ ಅರಳಿತ್ತು.

"ಗಿರಿಜಮ್ಮ, ಹೆಂಚು ಬಂತಾ?"

"ಬರ್ದೇ ಎಂತ ಮಂಜಣ್ಣ? ಹೋಗೂ ಆತು. ನಾನೇ ಕಳಿಸ್ದೆ," ಎಂದಳು ಹೆಮ್ಮೆಯಿಂದ.

"ಎಲ್ಲಿಗೆ ಕಳಿಸ್ದೆ?"

"ತೀರ್ಥಳ್ಳಿಗೆ. ಹಾಲಿನ ಗಾಡೀಲಿ."

ಅವಳು ವಿವರವಾಗಿ ಹೇಳಿದಳು. ಎಲ್ಲರೂ ಬಂದರೂ ಹೆಂಚು ಬರಲಿಲ್ಲವೆಂದು ತಾನೇ ಇಳಿದು ಹೋದಳಂತೆ. ಡಾಕ್ಟ್ರು ಬೋಗಿ ಮರದ ಕೆಳಗೆ ಕಾಲು ಹಿಡಿದುಕೊಂಡು ಮಲಗಿದ್ದರಂತೆ, ಮೀನಖಂಡ ಕಲ್ಲಾಗಿತ್ತಂತೆ. ಅಷ್ಟರಲ್ಲಿ ಹಾಲಿನ ಗಾಡಿ ಬಂತು. ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ತಾಯಿ, ತಪ್ಪಾಗ್ತದ, ಅಂದ್ರು ಪಾಪ. ತಪ್ಪೆಂತದು? ನಮ್ಮನೆ ಹೆಂಚು ಹಿಂಗೆ ದಾರೀಲಿ ಬಿದ್ದಿದ್ರೆ ನಾನು ಸುಮ್ನೆ ಬರೋದಾ? ನಾನು, ಗಾಡಿಯೋನು ಸೇರಿ ಎತ್ತಿ ಕೂರಿಸಿ, ಸೈಕಲ್ಲೂ ಹಾಕ್ದೋ. ಇಲ್ಲಿ ಇಳೀತೀನಿ ಅಂದಿದ್ರು, ಗಾಡಿ ಇಲ್ಲಿಗೆ ಬರೋ ಹೊತ್ತಿಗೆ ನಿದ್ದೆ ಹೋಗಿತ್ತು. ಎಬ್ಬಿಸ್ಬೇಡ, ಮಲಗ್ಲಿ, ಊರಲ್ಲೇ ಇಳ್ಸು ಅಂದೆ."

ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆ. ಗಾಡಿ ಹತ್ತಿದರೆ ಆವತ್ತಿನ ದಾನ ಇಲ್ಲ, ಆವತ್ತಿನ ದಾನ ಇಲ್ಲದಿದ್ದರೆ ಹೆಂಚು ತುಂಬುವುದಿಲ್ಲ. ಗಿರಿಜಮ್ಮ ಒಮ್ಮೆ ಗೋಡೆ ನೋಡಿದಳು, ಒಮ್ಮೆ ಆಕಾಶ ನೋಡಿದಳು. ಗೋಡೆಗೂ ಆಕಾಶಕ್ಕೂ ನಡುವೆ ಏನೂ ಇರಲಿಲ್ಲ.

"ಹಂಗಾದ್ರೆ ನಮ್ಮನೆ ಮಾಡನ್ನ ನಾನೇ ಹಾಲಿನ ಕ್ಯಾನಿನ ಜೊತೆ ಕಳಿಸ್ದಂಗಾತು," ಎಂದಳು. ಅಳಲಿಲ್ಲ. ಚಂಬಿನ ನೀರನ್ನು ಬಸಳೆ ಬುಡಕ್ಕೆ ಚೆಲ್ಲಿ, ಬಾಗಿಲಿಲ್ಲದ ಬಾಗಿಲಿಗೆ ಅಡ್ಡ ಒಂದು ಬಿದಿರಿನ ಗಳು ಇಟ್ಟು, "ನಡೀರಿ, ನಾನೂ ಬತ್ತೀನಿ," ಎಂದಳು. ನನ್ನ ಪಕ್ಕದ ಸೀಟಿನಿಂದ ಗ್ರೀಸ್ ಡಬ್ಬ ಕೆಳಗಿಳಿದದ್ದು ಆವತ್ತು ಒಂದೇ ದಿನ.

ತೀರ್ಥಹಳ್ಳಿಯ ಛತ್ರಕ್ಕೆ ನಾವು ಹೋದಾಗ ಸೂರ್ಯ ಇನ್ನೂ ಮಾರುದ್ದ ಮೇಲಿದ್ದ. ಹೆಂಚು ಬಂದಿದೆ ಎಂದು ಯಾರೋ ಹೇಳಿ, ಪದ್ಮರಾಜಯ್ಯನವರು ಎಲೆಯ ಮುಂದೆ ಕೂತಿದ್ದರು. ಅನ್ನ ಬಡಿಸಿದ್ದರು, ಸಾರು ಬರುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ನಾಲ್ಕು ತುತ್ತು ಒಳಗೆ ಹೋಗಲಿ, ಆಮೇಲೆ ಹೇಳಿದರಾಯಿತು ಎಂದು ಲೆಕ್ಕ ಹಾಕಿದೆ. ಸತ್ಯಕ್ಕೆ ನಾಲ್ಕು ತುತ್ತಿನಷ್ಟು ತಡೆದುಕೊಳ್ಳುವ ಶಕ್ತಿ ಇದೆ. ಗಿರಿಜಮ್ಮನಿಗೆ ಇರಲಿಲ್ಲ.

"ಅಯ್ಯನವ್ರೇ, ಡಾಕ್ಟ್ರು ಸೈಕಲ್ಲಲ್ಲಿ ಬಂದಿದ್ದಲ್ಲ. ನಾನೇ ಹಾಲಿನ ಗಾಡಿ ಹತ್ತಿಸಿದ್ದು. ಅವ್ರದ್ದೇನೂ ತಪ್ಪಿಲ್ಲ."

ಸಾರಿನವನು ಸೌಟು ಎತ್ತಿಕೊಂಡು ಹಾಗೇ ನಿಂತ. ಪದ್ಮರಾಜಯ್ಯನವರು ಅನ್ನ ಇನ್ನೂ ಮುಟ್ಟಿರಲಿಲ್ಲ. ಎಲೆಯನ್ನು ಮೆಲ್ಲಗೆ ಪಕ್ಕದವರ ಕಡೆ ಸರಿಸಿ ಎದ್ದರು.

"ಕೊನೇ ಸವಾರರು ಇನ್ನೂ ದಾರೀಲಿದ್ದಾರೆ ಅಂತಾಯ್ತು. ಕಾಯ್ತೀನಿ," ಎಂದರು.

ಡಾಕ್ಟ್ರು ಮೂಲೆಯಲ್ಲಿ ಕಾಲಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಕೈಯಲ್ಲಿ ಫೋನು ಟಣ್ ಟಣ್ ಎನ್ನುತ್ತಿತ್ತು. ಫೋನಿಗೆ ಹಾಲಿನ ಗಾಡಿ ಗೊತ್ತಾಗಿರಲಿಲ್ಲ. ಡಾಕ್ಟ್ರು ಆ ಏರನ್ನು ಬಿರುಗಾಳಿಯಂತೆ ಹತ್ತಿದರು ಎಂದು ದಾವಣಗೆರೆಗೆಲ್ಲ ತೋರಿಸಿತ್ತು. ಅವರು ನನ್ನ ಕಡೆ ಫೋನು ತಿರುಗಿಸಿದರು. ಸಾಲು ಸಾಲು ಕೈಮುಗಿದ ಚಿತ್ರಗಳು. ಒಬ್ಬ ಪೇಷೆಂಟು, ನರಳುತ್ತೀರಿ ಅಂದುಕೊಂಡಿದ್ದೆ, ಹಾರಿಬಿಟ್ಟಿರಿ, ಇನ್ನೊಂದು ಹಲ್ಲು ನಿಮ್ಮ ಹತ್ತಿರವೇ ಕೀಳಿಸುತ್ತೇನೆ ಎಂದು ಬರೆದಿದ್ದ.

"ನೋಡ್ರಿ ಇದನ್ನ," ಎಂದರು ಡಾಕ್ಟ್ರು. "ಇದ್ರಾಗ ಒಂದಾದ್ರೂ ನನಗ ಸಲ್ಲೋದೈತೇನು? ನಾಳಿ ಮುಂಜಾನೆ ಬಸ್ಸಿಗೆ ಹೋಗೋನಿದ್ದೆ. ಕ್ಲಿನಿಕ್ ತುಂಬಿರ್ತದ."

ಆಮೇಲೆ ಹೊರಗೆ ಜಗಲಿಯಲ್ಲಿ ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ ನಿಂತಿದ್ದ ಪದ್ಮರಾಜಯ್ಯನವರನ್ನು ನೋಡಿದರು. ಅವರ ಪಕ್ಕದಲ್ಲಿ ಊಟಕ್ಕೆ ಕರೆದರೂ ಬಾರದೆ ಕೂತ ಗಿರಿಜಮ್ಮನನ್ನು ನೋಡಿದರು.

"ಸಮಾರೋಪ ಯಾವಾಗ್ರಿ?"

"ನಾಳೆ ಮಧ್ಯಾಹ್ನ. ಬಿಟ್ಟ ಜಾಗದಿಂದ ತುಳಿದು ಅಷ್ಟರೊಳಗೆ ಮುಟ್ಟಿದರೆ ಸವಾರಿ ಪೂರ್ತಿ ಅಂತ ಲೆಕ್ಕ," ಎಂದೆ.

"ಆ ಮರ ನೆನಪೈತೇನ್ರಿ ನಿಮಗ?"

"ಮರ ಗಿರಿಜಮ್ಮಂಗೆ ಗೊತ್ತು."

ಗಿರಿಜಮ್ಮ ತಿರುಗಿ, "ನಾಳೆ ಭಾನುವಾರ, ಶಾಲೆ ಇಲ್ಲ. ಎತ್ತಿ ಹಾಕಿದ್ದು ನಾನು, ಇಳ್ಸಿ ಕರ್ಕೊಂಡ್ ಬರೋಳೂ ನಾನೇ," ಎಂದಳು. ಆಮೇಲೆ ಇಬ್ಬರೂ ಊಟಕ್ಕೆ ಎದ್ದರು. ಊಟ ಇಲ್ಲದೆ ಇದ್ದವರು ಪದ್ಮರಾಜಯ್ಯನವರು ಒಬ್ಬರೇ. ನೀರನ್ನೂ ಕುಡಿಯಲಿಲ್ಲ.

ಬೆಳಗ್ಗೆ ಬೋಗಿ ಮರದ ಬುಡದಲ್ಲಿ ಡಾಕ್ಟ್ರನ್ನು ಇಳಿಸಿದೆವು. ನಿನ್ನೆ ಎಲ್ಲಿ ಮಲಗಿದ್ದರೋ ಅಲ್ಲಿಯೇ ನಿಲ್ಲಿಸಿ ಗಿರಿಜಮ್ಮ, "ಹೂಂ, ಹತ್ತಿ," ಎಂದಳು. ಅವಳು ಮುಂದೆ, ಡಾಕ್ಟ್ರು ನಡುವೆ, ವ್ಯಾನು ಹಿಂದೆ. ನಡೆಯುವ ಗಿರಿಜಮ್ಮನೇ ಸೈಕಲ್ಲಿಗಿಂತ ಮುಂದಾಗಿ ಆಗಾಗ ನಿಂತು ಕಾಯುತ್ತಿದ್ದಳು.

ಮೊದಲು ಬಂದದ್ದು ಜೀಪು. "ಎಂತಾತು ಮಾರಾಯ್ರೆ, ಬನ್ನಿ, ಹತ್ತಿ," ಎಂದ ಜೀಪಿನವನು.

"ನಿನ್ನ ಜೀಪು ತಗೊಂಡು ಮುಂದೆ ಹೋಗು. ಇವ್ರನ್ನ ಮುಟ್ಟಿದ್ರೆ ನೋಡು," ಎಂದಳು ಗಿರಿಜಮ್ಮ.

ಅವನು ಬೆಪ್ಪಾಗಿ ನನ್ನನ್ನು ನೋಡಿದ. ನಾನು ಕೈ ಬೀಸಿದೆ. ಆಮೇಲೆ ಬಸ್ಸು ಬಂತು, ಟ್ರ್ಯಾಕ್ಟರ್ ಬಂತು, ಕೊನೆಗೆ ಅದೇ ಹಾಲಿನ ಗಾಡಿ ಬಂತು. ಗಾಡಿಯವನು ನಿನ್ನೆಯ ಅಭ್ಯಾಸದ ಮೇಲೆ ಹಿಂದಿನ ಬಾಗಿಲು ತೆಗೆದೇ ಇಳಿದ. ಗಿರಿಜಮ್ಮ ಅವನಿಗೆ ಹೇಳಿದ್ದನ್ನು ಬರೆಯುವ ಹಾಗಿಲ್ಲ. ಬಾಗಿಲು ಹಾಕಿಕೊಳ್ಳುವುದನ್ನೂ ಮರೆತು ಹೋದ. ಒಬ್ಬ ಹೆಂಗಸು ಮನೆಯಿಂದ ಮಜ್ಜಿಗೆ ತಂದಳು. "ಮೇಲೆ ಹೋದ್ಮೇಲೆ ಕೊಡು. ಇಲ್ಲಿ ಕುಡಿದ್ರೆ ಕೂತುಬಿಡ್ತಾರೆ," ಎಂದು ಗಿರಿಜಮ್ಮ ಲೋಟವನ್ನು ತಾನೇ ಹಿಡಿದುಕೊಂಡು ಮುಂದೆ ನಡೆದಳು. ನನ್ನ ಗ್ರೀಸ್ ಡಬ್ಬಕ್ಕಿಂತ ಒಳ್ಳೆಯ ಉಪಾಯವನ್ನು ನಾನು ನೋಡಿದ್ದು ಅದೊಂದೇ.

ಕೊನೆಯ ತಿರುವಿನಲ್ಲಿ ಡಾಕ್ಟ್ರು ಇಳಿದು ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ನಿಂತರು. ಆಗಂಗಿಲ್ರಿ ಎಂದು ಗೊಣಗಿದರು. ಗಿರಿಜಮ್ಮ ಹಿಂದೆ ಬಂದು ಹತ್ತಿರ ನಿಂತು ಮೆಲ್ಲಗೆ ಹೇಳಿದಳು, "ಆತು, ಆತು. ಇನ್ನು ಒಂಚೂರು. ಸ್ವಲ್ಪ ನೋವಾಗ್ತದೆ ಅಷ್ಟೇ. ಉಸಿರು ಬಿಡಿ. ಮುಗೀತು ನೋಡಿ."

ಡಾಕ್ಟ್ರು ತಲೆ ಎತ್ತಿದರು. "ಇದು ನಾ ಹೇಳೋ ಮಾತಲ್ಲೇನ್ರೀ ತಾಯಿ? ನಿಮಗ್ಯಾರು ಕಲಿಸಿದ್ರು?"

"ಹೋದ್ವರ್ಷ ಶಿವಮೊಗ್ಗದಾಗೆ ದವಡೆ ಹಲ್ಲು ಕೀಳಿಸ್ಕಂಡೆ. ಆ ಡಾಕ್ಟ್ರೂ ಹಿಂಗೇ ಅಂದಿದ್ರು. ಆಮೇಲೂ ಭಾಳ ಹೊತ್ತು ಎಳೆದ್ರು."

ಡಾಕ್ಟ್ರು ನಗಲು ಶುರುಮಾಡಿದರು. ನಗುತ್ತ ನಗುತ್ತ ಸೈಕಲ್ಲು ತಳ್ಳಿದರು. ಏರು ಮುಗಿದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಗೋಡೆಯ ಮುಂದಿನ ಕಟ್ಟೆಯ ಮೇಲೆ ಕೂತು ಬೆಲ್ಲ ತಿಂದು, ನೀರು ಮಜ್ಜಿಗೆ ಕುಡಿದು, ಮತ್ತೆ ಹತ್ತಿದರು. ಅಲ್ಲಿಂದ ಮುಂದೆ ಇಳಿಜಾರು ಹೆಚ್ಚು. ಬ್ರೇಕಿಗೆ ನಾನು ಎಣ್ಣೆ ಬಿಟ್ಟಿರಲಿಲ್ಲ.

ಊರ ಬಾಗಿಲಿನ ಸೇತುವೆಯ ಮೇಲೆ ಪದ್ಮರಾಜಯ್ಯನವರು ಕೊಡೆ ಹಿಡಿದು ನಿಂತಿದ್ದರು. ಹಿಂದೆ ಬಾಗಿಲು, ಕಿಟಕಿ, ಹೊಸ್ತಿಲು, ಒಲೆ, ಎಲ್ಲ ಸಾಲಾಗಿ ನಿಂತಿದ್ದವು. "ಹೆಂಚು ಬಂತು," ಎಂದು ಯಾರೋ ಕೂಗಿದರು. ಡಾಕ್ಟ್ರು ಸೇತುವೆ ದಾಟಿ ಸೈಕಲ್ಲಿನಿಂದ ಇಳಿಯಲಿಲ್ಲ, ಜಾರಿದರು. ಇಬ್ಬರು ಹಿಡಿದುಕೊಂಡರು. ಫೋನು ತೆಗೆದು ಪೇಷೆಂಟುಗಳಿಗೆ ತಾವೇ ಮಾತಾಡಿ ಕಳಿಸಿದರು: ನಿನ್ನೆ ಹಾರಿದ್ದು ಹಾಲಿನ ಗಾಡಿ, ಇವತ್ತು ನರಳಿದ್ದು ನಾನು, ನಿಮ್ಮ ದುಡ್ಡು ವಸೂಲಾಗಿದೆ ಎಂದು. ದಾನ ಒಬ್ಬರೂ ವಾಪಸು ಕೇಳಲಿಲ್ಲವಂತೆ. ನರಳಿದ್ದರ ವಿಡಿಯೋ ಮಾತ್ರ ಕೇಳಿದರಂತೆ.

ಪದ್ಮರಾಜಯ್ಯನವರು ನನ್ನ ಹತ್ತಿರ ಬಂದರು. ತುಟಿ ಒಣಗಿತ್ತು. ಇನ್ನು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನನ್ನ ಹೆಗಲ ಮೇಲಿಂದ ರಸ್ತೆ ನೋಡಿದರು.

"ಮಂಜಪ್ಪ, ಊಟಕ್ಕೆ ಕೂರಬಹುದಾ?"

"ಕೂರಿ ಅಯ್ಯನವ್ರೇ. ಇನ್ನು ಹಿಂದೆ ನಾನೊಬ್ಬನೇ."

ಆ ವರ್ಷ ಮಳೆ ಹಿಡಿಯುವ ಮೊದಲು ಹೆಂಚು ಏರಿತು. ಆಮೇಲೆಯೂ ಕೆಲವು ವರ್ಷ ವ್ಯಾನಿನಲ್ಲಿ ಕೂತೆ. ಈಗ ಬೆರಳು ಮಡಚುವುದಿಲ್ಲ. ಸಣ್ಣ ನಟ್ಟು ಹಿಡಿದರೆ ಜಾರುತ್ತದೆ. ಜಾರಿದ ನಟ್ಟನ್ನು ಬೇರೆಯವರು ಹೆಕ್ಕಿಕೊಡುವ ಮೊದಲು ಬಿಟ್ಟುಬಿಡುವುದು ಮರ್ಯಾದೆ ಎಂದು ಬಿಟ್ಟೆ.

ಹೋದ ತಿಂಗಳು ತೀರ್ಥಹಳ್ಳಿಗೆ ಒಂದು ಮದುವೆಗೆ ಹೊರಟವನು, ಗಿರಿಜಮ್ಮನನ್ನು ನೋಡಿ ಹೋಗೋಣ ಎಂದು ಏರಿನ ತುದಿಯಲ್ಲಿ ಬಸ್ಸು ಇಳಿದೆ. ಸವಾರಿ ಬರುವ ದಿನಗಳಲ್ಲಿ ಅವಳು ಈಗಲೂ ಕಟ್ಟೆಯ ಮೇಲೆ ನೀರು ಬೆಲ್ಲ ಇಡುತ್ತಾಳೆ. ಏರಿನಲ್ಲಿ ಯಾವ ಗಾಡಿಯೂ ಸವಾರರ ಹತ್ತಿರ ನಿಲ್ಲದಂತೆ ಕಾಯುತ್ತಾಳೆ ಎಂದು ಕೇಳಿದ್ದೆ. ಅವಳು ಜಗಲಿಯಿಂದ ನನ್ನನ್ನು ನೋಡಿದಳು, ಆಮೇಲೆ ಹೋಗುತ್ತಿದ್ದ ಬಸ್ಸನ್ನು ನೋಡಿದಳು.

"ಬಸ್ಸಲ್ಲಿ ಬಂದ್ರಾ ಮಂಜಣ್ಣ?"

"ಹೌದು."

"ಈ ಮನೇಲಿ ನೀರು ಬೆಲ್ಲ ಏರು ಹತ್ತಿದೋರಿಗೆ."

ತಮಾಷೆ ಎಂದುಕೊಂಡೆ. ಅವಳು ಚಂಬು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು, ಕೊಡಲಿಲ್ಲ. ಒಳಗಿನಿಂದ ಅವಳ ಅತ್ತೆ, "ಯಾರೇ ಅದು, ಕೂರಿಸೇ," ಎಂದಳು. "ಬತ್ತಾರೆ ಅತ್ತೆ, ಇನ್ನೂ ದಾರೀಲಿದಾರೆ," ಎಂದಳು ಗಿರಿಜಮ್ಮ.

ಇಷ್ಟು ವರ್ಷ ಎಲ್ಲರ ಹಿಂದೆ ವ್ಯಾನಿನಲ್ಲಿ ಕೂತು ಬಂದವನು ನಾನು, ಆ ಏರನ್ನು ಒಮ್ಮೆಯೂ ಕಾಲಲ್ಲಿ ಹತ್ತಿರಲಿಲ್ಲ. ಮದುವೆಯ ಅಂಗಿಯಲ್ಲೇ ಬೋಗಿ ಮರದವರೆಗೆ ಇಳಿದೆ. ಅಲ್ಲಿಂದ ತಿರುಗಿ ಹತ್ತಿದೆ. ದಾರಿಯಲ್ಲಿ ಒಬ್ಬ ಕಾರಿನವನು ನಿಲ್ಲಿಸಿ ಕರೆದ. ಬೇಡ ಎಂದೆ. ಯಾಕೆ ಎಂದು ಕೇಳಿದ. ಉಸಿರಿರಲಿಲ್ಲ, ಏರಿನ ತುದಿಗೆ ಕೈ ತೋರಿಸಿದೆ.

ಕಟ್ಟೆಯ ಮೇಲೆ ಕುಸಿದು ಕೂತಾಗ ಬೆಲ್ಲದ ಉಂಡೆ ಕೈಗಿಟ್ಟಳು, ಚಂಬು ಕೊಟ್ಟಳು. ಬಾಯಿಗೆ ತಾಗಿಸದೆ ಎತ್ತಿ ಕುಡಿಯಬೇಕಲ್ಲ, ತಲೆ ಪೂರಾ ಹಿಂದಕ್ಕೆ ಹೋಯಿತು. ಮಾಡಿನ ಮೇಲೆ ಸಾಲು ಸಾಲು ಹೆಂಚು ಕಂಡಿತು. ಒಂದೂ ಸರಿದಿರಲಿಲ್ಲ. ನೀರು ಮುಗಿಯಿತು.

ಇನ್ನೊಂದು ಚಂಬು ಕೇಳಿದೆ.